ಕತ್ತಿ ಹಿಡಿಯಲು ವಯಸ್ಸಿನ ಹಂಗೇಕೆ?

‘ನಲವತ್ತು ದಾಟಿತು, ಮಂಡಿ ನೋವು ಬೇರೆ. ಇನ್ನೆಲ್ಲಿ ಕತ್ತಿವರಸೆ?’ ಅಂತ ಹಿಂಜರೀಬೇಡಿ. ಜಪಾನಿನ ಇಯಾಯ್‌ಡೋದಲ್ಲಿ ಹೊಡೆದಾಟವಿಲ್ಲ. ಎದುರಾಳಿಯನ್ನು ಕಲ್ಪಿಸಿಕೊಂಡು, ಒರೆಯಿಂದ ಕತ್ತಿ ಸೆಳೆದು, ಬೀಸಿ, ಮತ್ತೆ ಒರೆಗೆ ಸೇರಿಸುವುದೇ ಅಭ್ಯಾಸ.

* ಅಖಿಲ ಜಪಾನ್ ಕೆಂಡೋ ಒಕ್ಕೂಟ ಗೊತ್ತುಮಾಡಿದ 12 ವರಸೆಗಳಲ್ಲಿ 8 ನಿಂತೇ ಮಾಡುವಂಥವು. ಮಂಡಿ ನೋವಿದ್ದರೆ ಗುರುಗಳಿಗೆ ಮೊದಲೇ ಹೇಳಿ, ಅವುಗಳಿಂದಲೇ ಶುರುಮಾಡಬಹುದಾ ಕೇಳಿ. ಕೂತು ಮಾಡುವಾಗ ಮಂಡಿಗೆ ಮೆತ್ತನೆಯ ಪಟ್ಟಿ ಇರಲಿ.

* ಮೊದಲು ಮರದ ಕತ್ತಿ, ಆಮೇಲೆ ಮೊಂಡು ಅಲಗಿನ ‘ಇಯಾಯ್‌ತೋ’. ಹರಿತವಾದ ಕತ್ತಿ ನುರಿತವರಿಗಷ್ಟೇ.

* ಮೊಂಡು ಅಂತ ಸದರ ಬೇಡ. ತುದಿ ಚೂಪಾಗೇ ಇರುತ್ತೆ. ಒರೆಗೆ ಸೇರಿಸುವಾಗ ಅವಸರ ಮಾಡಿದ್ರೆ ಎಡಗೈಗೆ ಚುಚ್ಚೀತು.

ನಿಧಾನವಾಗೇ ಕಲೀರಿ. ಬೆರಳಿಗಿಂತ ವೇಗ ದೊಡ್ಡದಲ್ಲ, ಅಲ್ವೇ?