ರೇಗೆ ಒಂದು ವಂಶ ಯಾಕೆ ಬೇಕಿತ್ತು? ‘ಸ್ಟಾರ್ ವಾರ್ಸ್’, ಸೂಳೆಕೆರೆ ಮತ್ತು ನಮ್ಮ ಮುಂದಿನ ನಾಯಕರು

ಈದ್ ರಜೆಗೆ ಕೆರೆಬಿಳಚಿಗೆ ಬಂದಿದ್ದ ಅಣ್ಣನ ಮಗಳು ಮೊಬೈಲಿನಲ್ಲೇ ‘ಸ್ಟಾರ್ ವಾರ್ಸ್’ನ ಒಂಬತ್ತೂ ಸಿನಿಮಾ ನೋಡಿ ಮುಗಿಸಿದಳು. ಕೊನೆಯದು ಮುಗಿದ ರಾತ್ರಿ ಸಿಟ್ಟಲ್ಲಿದ್ದಳು. “ಚಾಚಾ, ಎಂಟನೇದ್ರಲ್ಲಿ ರೇ ಯಾರ ಮಗಳೂ ಅಲ್ಲ ಅಂದ್ರು. ಒಂಬತ್ತನೇದ್ರಲ್ಲಿ ಚಕ್ರವರ್ತಿ ಮೊಮ್ಮಗಳು ಮಾಡಿಬಿಟ್ರು. ಯಾಕೆ?”

“ಸಿನಿಮಾ ಕಣಮ್ಮ, ಮಲಕ್ಕೋ” ಅಂದೆ. ಆದ್ರೆ ಆ ಪ್ರಶ್ನೆ ನನ್ನನ್ನು ಮಲಗಿಸಲಿಲ್ಲ. ಯಾಕಂದ್ರೆ ಇದು ಬರೀ ಸಿನಿಮಾ ಪ್ರಶ್ನೆ ಅಲ್ಲ.

ಏನಾಯ್ತು ಅಂದ್ರೆ...

1977ರಲ್ಲಿ ಜಾರ್ಜ್ ಲೂಕಾಸ್ ಮಾಡಿದ ಮೊದಲ ಸಿನಿಮಾದ ನಾಯಕ ಲ್ಯೂಕ್, ಮರಳುಗಾಡಿನಲ್ಲಿ ಚಿಕ್ಕಪ್ಪನ ಹೊಲ ನೋಡಿಕೊಳ್ಳುವ ಹುಡುಗ. ವಿಶ್ವವನ್ನೆಲ್ಲ ಬೆಸೆಯುವ ‘ಫೋರ್ಸ್’ ಎಂಬ ಶಕ್ತಿ ಅವನಿಗೂ ಒಲಿಯುತ್ತದೆ. ರೈತನ ಮನೆ ಹುಡುಗ ಸಾಮ್ರಾಜ್ಯ ಕೆಡವಿದ ಅಂತ ಜನ ಕುಣಿದರು. 1980ರ ಎರಡನೇ ಸಿನಿಮಾದಲ್ಲಿ ಗೊತ್ತಾಯ್ತು: ಖಳನಾಯಕ ಡಾರ್ತ್ ವೇಡರನೇ ಇವನ ಅಪ್ಪ. 1999ರ ಸಿನಿಮಾ ಇನ್ನೂ ಮುಂದೆ ಹೋಗಿ, ಫೋರ್ಸ್ ಯಾರಲ್ಲಿ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿ ಅಳೆಯಬಹುದು ಅಂತು. ಎಲ್ಲರದ್ದಾಗಿದ್ದ ಶಕ್ತಿ ಹೀಗೆ ರಕ್ತಕ್ಕೆ ಇಳಿಯಿತು.

2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಲೂಕಾಸ್‌ಫಿಲ್ಮ್ ಕೊಂಡುಕೊಂಡಿತು. 2015ರಲ್ಲಿ ಹೊಸ ತಲೆಮಾರು ಬಂತು. ಗುಜರಿ ಆಯ್ದು ಹೊಟ್ಟೆ ಹೊರೆಯುವ ಹುಡುಗಿ ರೇ. ಹೆಸರೇ ಇಲ್ಲದ, ಬರೀ ನಂಬರ್ ಇರುವ ಸೈನಿಕ ಫಿನ್. ಹಳ್ಳಿಯವರ ಮೇಲೆ ಗುಂಡು ಹಾರಿಸು ಅಂದಾಗ ಹಾರಿಸದೆ ಓಡಿಬಂದವನು. 2017ರ ‘ದಿ ಲಾಸ್ಟ್ ಜೆಡೈ’ನಲ್ಲಿ ನಿರ್ದೇಶಕ ರಯಾನ್ ಜಾನ್ಸನ್ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ರೇಯ ಅಪ್ಪ ಅಮ್ಮ ಯಾರೂ ದೊಡ್ಡವರಲ್ಲ, ಕುಡಿಯೋ ದುಡ್ಡಿಗೆ ಮಗಳನ್ನೇ ಮಾರಿದವರು. ಕೊನೆಯ ದೃಶ್ಯದಲ್ಲಿ ಲಾಯದ ಕಸ ಗುಡಿಸುವ ಪುಟ್ಟ ಹುಡುಗನ ಕೈಗೆ ಪೊರಕೆ ತಾನಾಗಿ ಹಾರಿ ಬರುತ್ತೆ.

ಇದಕ್ಕೆ ಅಭಿಮಾನಿಗಳಲ್ಲಿ ಒಂದು ಗುಂಪು ಕೆಂಡವಾಯಿತು. ರೋಸ್ ಪಾತ್ರದ ಕೆಲ್ಲಿ ಮರಿ ಟ್ರಾನ್, ಜನಾಂಗೀಯ ನಿಂದನೆ ತಾಳಲಾರದೆ 2018ರಲ್ಲಿ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. 2019ರ ಕೊನೆಯ ಸಿನಿಮಾದಲ್ಲಿ ರೋಸ್ ಮೂಲೆಗೆ ಸರಿದಳು. ರೇ ಚಕ್ರವರ್ತಿ ಪಾಲ್ಪಟೀನನ ಮೊಮ್ಮಗಳಾದಳು. ಕೊನೆಗೆ ‘ಸ್ಕೈವಾಕರ್’ ಎಂಬ ಮನೆತನದ ಹೆಸರನ್ನೂ ಇಟ್ಟುಕೊಂಡಳು. ಫಿನ್ ಪಾತ್ರ ಮಾಡಿದ ಜಾನ್ ಬೊಯೆಗಾ 2020ರಲ್ಲಿ ನೇರವಾಗಿಯೇ ಆಡಿದರು: ಕಪ್ಪು ಪಾತ್ರವನ್ನು ದೊಡ್ಡದು ಅಂತ ಪ್ರಚಾರ ಮಾಡಿ ಆಮೇಲೆ ಬದಿಗೆ ತಳ್ಳಬೇಡಿ ಅಂತ.

ಕೆಟ್ಟ ವಂಶದಲ್ಲಿ ಹುಟ್ಟಿಯೂ ಒಳ್ಳೆಯವಳಾಗಬಹುದು, ಇದೂ ಒಳ್ಳೆ ಸಂದೇಶವೇ ಅಲ್ವಾ ಅಂತ ಕೇಳೋರಿದ್ದಾರೆ. ಹೌದು. ಆದ್ರೆ ಅಲ್ಲೂ ಆಯ್ಕೆ ಇರೋದು ಎರಡು ದೊಡ್ಡ ಮನೆತನಗಳ ನಡುವೆ. ಮೂರನೇ ಮನೆಗೆ ಬಾಗಿಲೇ ಇಲ್ಲ.

ಎರಡು ಮನೆತನದ ಕಥೆ ನಮಗೂ ಗೊತ್ತು

ನಮ್ಮ ಚನ್ನಗಿರಿ ಸೇರುವುದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ. 1996ರಲ್ಲಿ ಇಲ್ಲಿ ಗೆದ್ದವರು ಜಿ. ಮಲ್ಲಿಕಾರ್ಜುನಪ್ಪ. 1998ರಲ್ಲಿ ಶಾಮನೂರು ಶಿವಶಂಕರಪ್ಪ. 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ 2019ರವರೆಗೆ ನಾಲ್ಕು ಸಲ ಅವರ ಮಗ ಜಿ.ಎಂ. ಸಿದ್ದೇಶ್ವರ. 2024ರಲ್ಲಿ ಕಣದಲ್ಲಿದ್ದ ಮುಖ್ಯ ಅಭ್ಯರ್ಥಿಗಳು ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ ಮತ್ತು ಶಾಮನೂರು ಅವರ ಸೊಸೆ ಡಾ. ಪ್ರಭಾ ಮಲ್ಲಿಕಾರ್ಜುನ್. ಗೆದ್ದವರು ಪ್ರಭಾ.

ಪಕ್ಷ ಎರಡು, ಮನೆ ಎರಡು. ಇವರಿಗೆ ಯೋಗ್ಯತೆ ಇಲ್ಲ ಅಂತ ನಾನು ಹೇಳ್ತಿಲ್ಲ, ಮತ ಹಾಕಿದ್ದು ನಾವೇ. ನನ್ನ ಪ್ರಶ್ನೆ ಬೇರೆ: ಅಡಿಕೆ ಸುಲಿಯೋಕೆ ಹೋಗುವ ಹೆಂಗಸಿನ ಮಗಳಿಗೆ ಅಷ್ಟೇ ಯೋಗ್ಯತೆ ಇದ್ರೆ, ಅದನ್ನು ಗುರುತಿಸೋ ರಕ್ತ ಪರೀಕ್ಷೆ ಯಾವ ಪಕ್ಷದ ಕಚೇರಿಯಲ್ಲಿದೆ?

ಕುವೆಂಪು ಮಾಡಿದ್ದೂ ಇದನ್ನೇ

ಹಳೆ ಕಥೆಯ ನಾಯಕರನ್ನು ಹೊಸದಾಗಿ ಕಟ್ಟುವುದು ಹಾಲಿವುಡ್‌ನಿಂದ ಕಲಿಯಬೇಕಾದ ವಿದ್ಯೆ ಅಲ್ಲ. 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಕುವೆಂಪು ಶಂಬೂಕನನ್ನು ಸಾಯಿಸಲಿಲ್ಲ. ರಾಮ ಬಿಟ್ಟ ಬಾಣ ತಪಸ್ವಿಗೇ ತಲೆಬಾಗುತ್ತೆ, ದೂರು ತಂದ ಬ್ರಾಹ್ಮಣನ ಕಣ್ಣು ತೆರೆಯುತ್ತೆ. 1947ರ ‘ಬೆರಳ್‌ಗೆ ಕೊರಳ್’ನಲ್ಲಿ ಏಕಲವ್ಯನ ಬೆರಳಿಗೆ ತೆರಬೇಕಾದ ಬೆಲೆ ಏನು ಅನ್ನೋದು ಹೆಸರಲ್ಲೇ ಇದೆ.

ಆಗಲೂ ಜಗಳ ಆಯ್ತು. ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದಾ ಅಂತ ಮಾಸ್ತಿಯವರು ಆಕ್ಷೇಪ ಎತ್ತಿದರು. ಕುವೆಂಪು ಉತ್ತರ ಕೊಟ್ಟರು. ಆದರೆ ಬರೆದದ್ದನ್ನು ವಾಪಸ್ ತಗೊಳ್ಳಲಿಲ್ಲ. ಡಿಸ್ನಿಗೂ ಕುವೆಂಪುಗೂ ಇರೋ ವ್ಯತ್ಯಾಸ ಅಷ್ಟೇ, ಅಷ್ಟು ದೊಡ್ಡದು.

ಕೆರೆಗೆ ಯಾರ ಹೆಸರು?

ನಮ್ಮೂರ ಮಗ್ಗುಲಲ್ಲೇ ಸೂಳೆಕೆರೆ ಇದೆ. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಏರಿ ಹಾಕಿ ನಿಲ್ಲಿಸಿದ ನೀರು. ಶತಮಾನಗಳಿಂದ ಗದ್ದೆ ತೋಟಗಳಿಗೆ ಹರಿಯುತ್ತಿದೆ, ಚಿತ್ರದುರ್ಗದವರೆಗೂ ಕುಡಿಯೋಕೆ ಹೋಗುತ್ತೆ.

ಜನ ಹೇಳುವ ಕಥೆ ಹೀಗೆ. ಕೆರೆ ಕಟ್ಟಿಸಲು ಹೊರಟವಳು ರಾಜನ ಮಗಳು ಶಾಂತವ್ವ. ಜಾಗ ಸೂಳೆಯರದ್ದು. ಅವರು ಬಿಟ್ಟುಕೊಟ್ಟರು, ಒಂದೇ ಷರತ್ತು: ಕೆರೆಗೆ ನಮ್ಮ ಹೆಸರಿರಬೇಕು. ಶಾಂತವ್ವ ಒಪ್ಪಿದಳು. ಇದು ಐತಿಹ್ಯ, ಶಾಸನ ಅಲ್ಲ. ಆದ್ರೆ ಊರೂರು ಇದನ್ನು ನೆನಪಿಟ್ಟುಕೊಂಡಿದೆ ಅನ್ನೋದೇ ಮುಖ್ಯ. ತಮ್ಮ ಮನೆ ಮುಳುಗುವಾಗ ದುಡ್ಡು ಕೇಳದೆ ಹೆಸರು ಕೇಳಿದ ಹೆಂಗಸರು ಅವರು. ಕಥೆಯಲ್ಲಿ ಅವರಿಗೆ ಅಪ್ಪನ ಹೆಸರಿಲ್ಲ, ಮನೆತನವಿಲ್ಲ.

ಈಗ ಬೋರ್ಡು ನೋಡಿ: ‘ಶಾಂತಿಸಾಗರ’. ಹಳೆ ಹೆಸರು ಹೇಳೋಕೆ ಮರ್ಯಾದಸ್ಥರಿಗೆ ಮುಜುಗರ. ಶಾಂತವ್ವನ ನೆನಪಾದರೂ ಉಳೀತಲ್ಲ ಅನ್ನಬಹುದು. ಆದ್ರೆ ಉಳಿದದ್ದು ರಾಜನ ಮಗಳು, ಅಳಿಸಿದ್ದು ಷರತ್ತು. ರೇಗೆ ‘ಸ್ಕೈವಾಕರ್’ ಅಂತ ಹೆಸರಿಟ್ಟಾಗ ಆದದ್ದೂ ಇದೇ.

ಮುಂದಿನವರು ಯಾರು?

ದಾರಿ ಇಲ್ಲದಿಲ್ಲ. 2022 ಮತ್ತು 2025ರಲ್ಲಿ ಬಂದ ‘ಆಂಡೋರ್’ ಸರಣಿಯಲ್ಲಿ ದಂಗೆ ಏಳುವವರು ಗುಜರಿ ಕೆಲಸದವರು, ಕೈದಿಗಳು, ಗುಮಾಸ್ತರು. ಸಾವಿರಾರು ಕೈದಿಗಳನ್ನು ಜೈಲಿನಿಂದ ಹೊರಗೆ ಕರೆತಂದ ಕೀನೋ ಲಾಯ್ ಸಮುದ್ರದ ಅಂಚಿನಲ್ಲಿ ನಿಂತುಬಿಡುತ್ತಾನೆ, ಅವನಿಗೆ ಈಜು ಬರಲ್ಲ. ಅವನ ವಂಶ ಯಾವುದು ಅಂತ ಯಾರೂ ಕೇಳಲ್ಲ. ಇನ್ನು ರೇ ಕಥೆ ಮುಂದುವರಿಸುವ ಸಿನಿಮಾಗೆ 2023ರಲ್ಲಿ ನಿರ್ದೇಶಕಿ ಅಂತ ಘೋಷಣೆಯಾದದ್ದು ಕರಾಚಿಯಲ್ಲಿ ಹುಟ್ಟಿದ, ಎರಡು ಆಸ್ಕರ್ ಗೆದ್ದ ಶರ್ಮೀನ್ ಒಬೈದ್ ಚಿನಾಯ್.

ಇದನ್ನು ಹೇಳಿದಾಗ ಅಣ್ಣನ ಮಗಳ ಮುಖ ಅರಳಿತು. 2022ರಲ್ಲಿ ಹಿಜಾಬ್ ಹಾಕಿದ್ದಕ್ಕೆ ನಮ್ಮ ರಾಜ್ಯದ ಹುಡುಗಿಯರು ಕಾಲೇಜು ಗೇಟಿನ ಹೊರಗೆ ನಿಂತದ್ದನ್ನು ಮೊಬೈಲಿನಲ್ಲಿ ನೋಡಿ ಬೆಳೆದವಳು ಅವಳು. ‘ನೀನು ಯಾರ ಮಗಳು’ ಅಂತ ಕೇಳಿ ಒಳಗೆ ಬಿಡೋದು ಹೇಗಿರುತ್ತೆ ಅಂತ ಅವಳಿಗೆ ವಿವರಿಸಬೇಕಿಲ್ಲ.

ಮರುದಿನ ಕೆರೆ ಏರಿ ಮೇಲೆ ಕರ್ಕೊಂಡು ಹೋಗಿ ಆ ಹೆಂಗಸರ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅವರೆಲ್ಲರ ಹೆಸರು ಏನಿತ್ತು ಚಾಚಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಕಥೆ ಬರೆಯುವವರು ಶುರು ಮಾಡಬೇಕಾದದ್ದು ಅಲ್ಲಿಂದಲೇ.