ಬೀದಿಯ ಉಡುಗೆ ಮತ್ತು ಫ್ಯಾಷನ್ ಉದ್ಯಮ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಣ್ಣುವುದು ತನಗಾಗಿ, ಉಡುವುದು ನೋಡುವವರಿಗಾಗಿ ಎಂಬುದು ಅದರ ತಾತ್ಪರ್ಯ. ಹಾಗಾದರೆ ಯಾವ ಉಡುಗೆ ಚೆಂದ, ಯಾವುದು ಅಲ್ಲ ಎಂದು ನಿರ್ಣಯಿಸುವ ಆ ‘ಪರರು’ ಯಾರು? ಅರಮನೆಯವರೇ? ಸಿರಿವಂತರೇ? ಕಾರ್ಖಾನೆಯ ಒಡೆಯರೇ? ಅಥವಾ ನಗರದ ಬೀದಿಯಲ್ಲಿ ನಡೆದಾಡುವ ಸಾಮಾನ್ಯ ಜನರೇ? ಈ ಪ್ರಶ್ನೆಯನ್ನು ಪಾಶ್ಚಾತ್ಯ ನಗರಗಳ ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ಯಾಷನ್ ಎಂಬುದು ನೀರಿನಂತೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬುದೇ ಹಿಂದಿನವರ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಪ್ಯಾರಿಸಿನಲ್ಲಿ ಉಡುಪಿನ ಮಳಿಗೆಯನ್ನು ತೆರೆದು, ಮುಂದೆ ಫ್ರಾನ್ಸಿನ ಸಾಮ್ರಾಜ್ಞಿ ಯೂಜಿನಿಗೇ ಉಡುಪುಗಳನ್ನು ಸಿದ್ಧಪಡಿಸಿದನು. ರಾಣಿ ಉಟ್ಟದ್ದನ್ನು ಶ್ರೀಮಂತರ ಮಡದಿಯರು, ಅವರು ಉಟ್ಟದ್ದನ್ನು ವರ್ತಕರ ಮನೆಯವರು ಅನುಕರಿಸುತ್ತಿದ್ದರು. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1904ರ ತನ್ನ ಪ್ರಬಂಧದಲ್ಲಿ ಈ ಕ್ರಮವನ್ನು ವಿವರಿಸಿ, ಕೆಳವರ್ಗದವರು ಅನುಕರಿಸತೊಡಗಿದೊಡನೆ ಮೇಲ್ವರ್ಗದವರು ಹಳೆಯದನ್ನು ತೊರೆದು ಹೊಸದನ್ನು ಹಿಡಿಯುವರೆಂದು ಹೇಳಿದನು.

ಆದರೆ ಈ ನೀರು ಕೆಳಗಿನಿಂದ ಮೇಲಕ್ಕೂ ಏರಬಲ್ಲುದು ಎಂಬುದಕ್ಕೆ ಇಂದು ಹಳ್ಳಿಹಳ್ಳಿಯಲ್ಲಿಯೂ ಕಾಣಸಿಗುವ ಜೀನ್ಸ್ ಷರಾಯಿಯೇ ಸಾಕ್ಷಿ. ಅಮೆರಿಕದ ನೆವಾಡ ರಾಜ್ಯದ ರೀನೊ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ದುಡಿಯುವವರ ಷರಾಯಿಯ ಜೇಬು ಬೇಗನೆ ಹರಿಯದಿರಲೆಂದು ಈತನು ಅದರ ಮೂಲೆಗಳಿಗೆ ತಾಮ್ರದ ರಿವೆಟ್ಟುಗಳನ್ನು ಹೊಡೆದನು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್‌ನ ಸಂಸ್ಥೆಯೊಡಗೂಡಿ 1873ರ ಮೇ 20ರಂದು ಇದಕ್ಕೆ ಪೇಟೆಂಟ್ ಹಕ್ಕನ್ನು ಪಡೆದನು. ಗಣಿಯ ಕೂಲಿಕಾರರೂ ದನಕಾಯುವವರೂ ತೊಡುತ್ತಿದ್ದ ಈ ಒರಟು ಬಟ್ಟೆಯನ್ನು 1950ರ ದಶಕದಲ್ಲಿ ನಗರದ ತರುಣರು ತಮ್ಮದಾಗಿಸಿಕೊಂಡರು. ಯಾವ ಅರಮನೆಯೂ ಇದನ್ನು ಆಜ್ಞಾಪಿಸಲಿಲ್ಲ. ದುಡಿಮೆಯಿಂದ ಮಾಸಿ ಹರಿದ ಬಟ್ಟೆ ಬಡತನದ ಗುರುತಾಗಿದ್ದ ಕಾಲ ಸರಿದು, ಬೇಕೆಂದೇ ಮಾಸಿಸಿ ಹರಿದ ಬಟ್ಟೆಗೆ ಹೆಚ್ಚಿನ ಬೆಲೆ ತೆರುವ ಕಾಲ ಬಂದಿತು.

ಹೊಸ ಉಡುಗೆಗಳು ವಿಶೇಷವಾಗಿ ನಗರಗಳಲ್ಲಿಯೇ ಹುಟ್ಟಲು ಕಾರಣವುಂಟು. ಹಳ್ಳಿಯಲ್ಲಿ ಮನುಷ್ಯನನ್ನು ಮನೆತನದಿಂದ ಗುರುತಿಸುತ್ತಾರೆ. ನಗರದಲ್ಲಿ ಎದುರಾಗುವವರೆಲ್ಲ ಅಪರಿಚಿತರು. ಅಲ್ಲಿ ಉಡುಗೆಯೇ ಪರಿಚಯಪತ್ರ. ನಾನಾ ದೇಶ, ನಾನಾ ವೃತ್ತಿಗಳ ಜನ ಒಂದೇ ಬೀದಿಯಲ್ಲಿ ನಡೆಯುವುದರಿಂದ ಒಬ್ಬರದನ್ನು ಕಂಡು ಮತ್ತೊಬ್ಬರು ಬೆರಸಿಕೊಳ್ಳುವುದು ಸುಲಭ. ಬೀದಿಯಲ್ಲಿಯೇ ಅಂಗಡಿಯಿಟ್ಟವರಿಗೆ ಜನರ ಇಚ್ಛೆ ಅಂದಂದೇ ತಿಳಿಯುತ್ತದೆ. ಮೇರಿ ಕ್ವಾಂಟ್ ಎಂಬಾಕೆ 1955ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ‘ಬಜಾರ್’ ಎಂಬ ಅಂಗಡಿಯನ್ನು ತೆರೆದಾಗ, ಹಗಲಿನ ಮಾರಾಟದ ಹಣದಿಂದ ಬಟ್ಟೆ ಕೊಂಡು, ರಾತ್ರಿ ಹೊಲಿಸಿ, ಮರುದಿನ ಮಾರಾಟಕ್ಕಿಡುತ್ತಿದ್ದಳು. 1960ರ ದಶಕದಲ್ಲಿ ಮಿನಿ ಲಂಗವನ್ನು ಪ್ರಚಾರಕ್ಕೆ ತಂದ ಕೀರ್ತಿ ಈಕೆಗೆ ಸಂದಿತು. 1966ರಲ್ಲಿ ಬ್ರಿಟಿಷ್ ಸರಕಾರದ ಗೌರವವೂ ದೊರೆಯಿತು. ಆದರೂ ಅದನ್ನು ನಿಜವಾಗಿ ಸೃಷ್ಟಿಸಿದವರು ಕಿಂಗ್ಸ್ ರೋಡಿನ ಹುಡುಗಿಯರೇ ಎಂದು ಆಕೆ ಒಪ್ಪಿಕೊಂಡಳು. ಆ ಉಡುಗೆಯ ಬಗೆಗೆ ನಮ್ಮ ಅಭಿರುಚಿ ಏನೇ ಇರಲಿ, ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಎಲ್ಲರೂ ಹೀಗೆ ಒಪ್ಪಿಕೊಳ್ಳುವುದಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಕಪ್ಪುಜನರು ಬಹುಸಂಖ್ಯೆಯಲ್ಲಿ ನೆಲೆಸಿದ ಪ್ರಸಿದ್ಧ ಬಡಾವಣೆ. ಅಲ್ಲಿಯೇ ಹುಟ್ಟಿ ಬೆಳೆದ, ‘ಡ್ಯಾಪರ್ ಡ್ಯಾನ್’ ಎಂದು ಹೆಸರಾದ ಡೇನಿಯಲ್ ಡೇ ಎಂಬಾತನು 1982ರಲ್ಲಿ 125ನೆಯ ಬೀದಿಯಲ್ಲಿ ಅಂಗಡಿಯನ್ನು ತೆರೆದನು. ದುಬಾರಿ ಸಂಸ್ಥೆಗಳ ಮುದ್ರೆಗಳನ್ನು ತೊಗಲಿನ ಮೇಲೆ ಅಚ್ಚೊತ್ತಿ, ತನ್ನದೇ ಕತ್ತರಿಕೆಯ ಅಂಗಿಗಳನ್ನು ಹೊಲಿಸಿಕೊಟ್ಟನು. ಹಿಪ್‌ಹಾಪ್ ಗಾಯಕರೂ ಕ್ರೀಡಾಪಟುಗಳೂ ಆತನ ಗಿರಾಕಿಗಳಾದರು. ಆ ಸಂಸ್ಥೆಗಳು ಕಾನೂನು ಕ್ರಮ ಕೈಗೊಂಡ ಕಾರಣ 1992ರಲ್ಲಿ ಅಂಗಡಿ ಮುಚ್ಚಿತು. ಅನುಮತಿಯಿಲ್ಲದೆ ಪರರ ಮುದ್ರೆಯನ್ನು ಬಳಸಿದ್ದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ಇಟಲಿಯ ಗುಚ್ಚಿ ಸಂಸ್ಥೆಯು ಫ್ಲಾರೆನ್ಸ್ ನಗರದ ಪ್ರದರ್ಶನದಲ್ಲಿ ಉಬ್ಬುತೋಳಿನ ಅಂಗಿಯೊಂದನ್ನು ಮುಂದಿಟ್ಟಿತು. ಅದು 1989ರಲ್ಲಿ ಡ್ಯಾನ್ ಓಟಗಾರ್ತಿ ಡಯೇನ್ ಡಿಕ್ಸನ್‌ಗೆ ಹೊಲಿಸಿಕೊಟ್ಟ ಅಂಗಿಯನ್ನೇ ಬಹುವಾಗಿ ಹೋಲುತ್ತಿತ್ತು. ಬೀದಿಯವನು ಸಂಸ್ಥೆಯಿಂದ ಪಡೆದರೆ ಅಪರಾಧ, ಸಂಸ್ಥೆ ಬೀದಿಯಿಂದ ಪಡೆದರೆ ಕಲೆಯೇ ಎಂಬ ಆಕ್ಷೇಪ ಎದ್ದಿತು. ಅದು ಡ್ಯಾನ್‌ಗೆ ಸಲ್ಲಿಸಿದ ಗೌರವವೆಂದು ಸಂಸ್ಥೆ ಹೇಳಿತು. ಬಳಿಕ ಆತನೊಡನೆ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಅದರ ಸಹಯೋಗದಿಂದ ಹಾರ್ಲೆಮಿನಲ್ಲಿ ಆತನ ಹೊಲಿಗೆಮನೆ ಮತ್ತೆ ತೆರೆಯಿತು. ಸಲ್ಲಬೇಕಾದ ಮನ್ನಣೆ ಸಂದಿತಾದರೂ, ಜನ ದನಿಯೆತ್ತಿದ ಮೇಲೆ ಸಂದಿತು ಎಂಬುದನ್ನು ಮರೆಯಲಾಗದು.

ಈ ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಉದ್ಯಮಕ್ಕೆ ಬಂಡವಾಳವಿದೆ, ಯಂತ್ರವಿದೆ, ಪ್ರಚಾರವಿದೆ. ಆದರೆ ಅದಕ್ಕೆ ಬೇಕಾದ ಹೊಸ ಕಲ್ಪನೆಗಳು ಅನೇಕ ವೇಳೆ ಬರುವುದು ಬೀದಿಯ ಹೆಸರಿಲ್ಲದ ಜನರಿಂದ. ಅವರ ಸೃಷ್ಟಿ ಅಂಗಡಿಯ ಗಾಜಿನ ಕಪಾಟನ್ನು ಸೇರುವಷ್ಟರಲ್ಲಿ ಅದರ ಮೇಲೆ ಬೇರೊಬ್ಬರ ಹೆಸರಿನ ಪಟ್ಟಿ ಕೂತಿರುತ್ತದೆ. ಕಲ್ಪಿಸಿದವರಂತೆ ಹೊಲಿದವರೂ ಆ ಪಟ್ಟಿಯ ಹಿಂದೆ ಮರೆಯಾಗುತ್ತಾರೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ವಿದೇಶಗಳಿಗಾಗಿ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಹಳ್ಳಿಗಳಿಂದಲೇ ಹೋದವರೂ ಅವರಲ್ಲಿ ಅನೇಕರಿದ್ದಾರೆ. ದೂರದ ನಗರದ ಅಂಗಡಿಯಲ್ಲಿ ಆ ಅಂಗಿಯನ್ನು ಕೊಳ್ಳುವವನಿಗೆ ಅವರ ಹೆಸರು ತಿಳಿಯುವುದಿಲ್ಲ.

ಶರಣಪರಂಪರೆಯ ರೀತಿ ಇದಕ್ಕೆ ವಿರುದ್ಧವಾದುದು. ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಮಡಿಮಾಡುವ ಮಡಿವಾಳ ಮಾಚಯ್ಯ—ಇವರೆಲ್ಲ ತಮ್ಮ ಕಾಯಕವನ್ನು ಹೆಸರಿನಲ್ಲಿಯೇ ಹೊತ್ತು ಪೂಜ್ಯರಾದರು. ಅಲ್ಲಿ ಕಾಯಕ ಮಾಡಿದವನ ಹೆಸರೇ ಉಳಿಯಿತು. ಇಲ್ಲಿ ಮಾರಿದವನ ಹೆಸರು ಉಳಿಯುತ್ತದೆ. ಹೊಸ ಉಡುಗೆಯನ್ನು ಹಳಿಯುವುದಾಗಲಿ, ಕುರುಡಾಗಿ ಅನುಕರಿಸುವುದಾಗಲಿ ವಿದ್ಯಾವಂತರಿಗೆ ತಕ್ಕುದಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಹೊಸ ಅಂಗಿ ತೊಟ್ಟು ತರಗತಿಗೆ ಬಂದಾಗ, ಇದನ್ನು ಮೊದಲು ಕಲ್ಪಿಸಿದವರು ಯಾರು, ಹೊಲಿದವರು ಯಾರು, ಅವರಿಗೆ ಸಂದ ಪ್ರತಿಫಲವೇನು ಎಂದು ಕೇಳುವುದನ್ನು ನಾವು ಕಲಿಸಿದರೆ, ಅದು ಕಾಯಕತತ್ತ್ವದ ಒಳ್ಳೆಯ ಪಾಠವಾದೀತು.