ಹೋಲಿಕೆಯಿಂದ ಅರ್ಥದತ್ತ: ನಾಲ್ಕಕ್ಷರದ ಬರಹವನ್ನು ಓದುವ ಬಗೆ

ಹಳೆಯ ಶಾಸನದಲ್ಲಿ ಅರ್ಥ ತಿಳಿಯದ ಪದವೊಂದು ಎದುರಾದರೆ, ಅದನ್ನು ಹೋಲುವ ಪದ ಬೇರೆ ಶಾಸನಗಳಲ್ಲಿ ಎಲ್ಲಿ ಬಂದಿದೆಯೆಂದು ವಿದ್ವಾಂಸರು ಹುಡುಕುತ್ತಾರೆ. ಅಲ್ಲಿನ ಸಂದರ್ಭ ಇಲ್ಲಿನ ಅರ್ಥಕ್ಕೆ ದಾರಿ ತೋರುತ್ತದೆ. ಜೀವವಿಜ್ಞಾನಿಗಳ ಕ್ರಮವೂ ಬಹುಮಟ್ಟಿಗೆ ಇದೇ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಡಿಎನ್‌ಎ ಬರಹವನ್ನು ಯಂತ್ರಗಳು ಓದಿ ಕೊಡುತ್ತವೆ. ಅದರ ಅರ್ಥವನ್ನು ಮಾತ್ರ ಹೋಲಿಕೆಯಿಂದಲೇ ಅರಸಬೇಕಾಗುತ್ತದೆ.

ಈ ಹುಡುಕಾಟದ ಬಲ 1983ರಲ್ಲಿ ಎದ್ದುಕಂಡಿತು. ಅಮೆರಿಕದ ವಿಜ್ಞಾನಿ ರಸೆಲ್ ಡೂಲಿಟಲ್ ಅವರು ಪ್ರೋಟೀನುಗಳ ಅಕ್ಷರಕ್ರಮಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುತ್ತ ಬಂದಿದ್ದರು. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಒಂದು ಪ್ರೋಟೀನಿದೆ. ಗಾಯ ಮಾಯುವಾಗ ಜೀವಕೋಶಗಳಿಗೆ 'ಬೆಳೆಯಿರಿ' ಎಂಬ ಸೂಚನೆ ಕೊಡುವುದು ಅದರ ಕೆಲಸ. ಅದರ ಅಕ್ಷರಕ್ರಮವನ್ನು ಸಂಗ್ರಹದೊಡನೆ ಹೋಲಿಸಿದಾಗ, ಮಂಗವೊಂದರ ಗಡ್ಡೆಯಿಂದ ದೊರೆತ ವೈರಸ್ಸಿನ ಜೀನಿಗೆ ಅದು ಅತಿ ಸಮೀಪವೆಂದು ಕಂಡಿತು. ಲಂಡನ್ನಿನಲ್ಲಿ ಮೈಕೆಲ್ ವಾಟರ್‌ಫೀಲ್ಡ್ ಅವರ ತಂಡವೂ ಅದೇ ವರ್ಷ ಇದೇ ನಿರ್ಣಯಕ್ಕೆ ಬಂದಿತು. ದೇಹವನ್ನು ಬೆಳೆಸುವ ಸೂಚನೆಯೇ ಹತೋಟಿ ತಪ್ಪಿದರೆ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬ ವಿಚಾರಕ್ಕೆ ಇದರಿಂದ ಗಟ್ಟಿಯಾದ ಆಧಾರ ದೊರೆಯಿತು.

ಇಂದು ಇಂಥ ಹುಡುಕಾಟಕ್ಕೆ 'ಬ್ಲಾಸ್ಟ್' ಎಂಬ ಸಾಧನವಿದೆ. ಸ್ಟೀಫನ್ ಆಲ್ಟ್‌ಶುಲ್ ಮತ್ತು ನಾಲ್ವರು ಸಹೋದ್ಯೋಗಿಗಳು 1990ರಲ್ಲಿ ಇದನ್ನು ಪ್ರಕಟಿಸಿದರು. ಅಮೆರಿಕದ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಇದನ್ನು ಯಾರೂ ಉಚಿತವಾಗಿ ಬಳಸಬಹುದು. ನಾವು ಕೊಟ್ಟ ಬರಹದಿಂದ ಸುಮಾರು 11 ಅಕ್ಷರಗಳ ಕಿರುತುಣುಕುಗಳನ್ನು ತೆಗೆದು, ಭಂಡಾರದಲ್ಲಿ ಅವು ಎಲ್ಲಿ ಹೊಂದುತ್ತವೆಂದು ಅದು ಮೊದಲು ನೋಡುತ್ತದೆ. ಹೊಂದಿದಲ್ಲಿಂದ ಎಡಕ್ಕೂ ಬಲಕ್ಕೂ ಹೋಲಿಕೆಯನ್ನು ವಿಸ್ತರಿಸಿ ಅಂಕ ನೀಡುತ್ತದೆ. ಇಡೀ ಭಂಡಾರವನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕಿಲ್ಲವಾದ್ದರಿಂದ ಉತ್ತರ ಬೇಗನೆ ಬರುತ್ತದೆ.

ಫಲಿತಾಂಶದಲ್ಲಿ 'ಇ-ಮೌಲ್ಯ'ವನ್ನು ಗಮನಿಸಬೇಕು. ಅಷ್ಟೇ ಒಳ್ಳೆಯ ಹೋಲಿಕೆಗಳು ಆ ಭಂಡಾರದಲ್ಲಿ ಬರಿಯ ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂಬ ಲೆಕ್ಕ ಅದು. ಮೌಲ್ಯ 10 ಇದ್ದರೆ ಹೋಲಿಕೆಯನ್ನು ನೆಚ್ಚಲಾಗದು; ಸೊನ್ನೆಗೆ ಹತ್ತಿರವಾದಷ್ಟೂ ಅದು ಆಕಸ್ಮಿಕವಲ್ಲವೆಂಬ ಭರವಸೆ ಹೆಚ್ಚುತ್ತದೆ. ಆದರೂ ಹೋಲಿಕೆ ಒಂದು ಸುಳಿವೇ ಹೊರತು ತೀರ್ಪಲ್ಲ. ಭಂಡಾರದ ನಮೂದುಗಳಲ್ಲಿಯೂ ತಪ್ಪುಗಳಿರಬಹುದು. ಕೊನೆಯ ಮಾತು ಪ್ರಯೋಗಾಲಯದ್ದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಕುಳಿತು ಇದನ್ನು ಸ್ವತಃ ಪರೀಕ್ಷಿಸಬಹುದು. ಡಿಎನ್‌ಎ ಹುಡುಕುವ ವಿಭಾಗವನ್ನು ತೆರೆದು, ಅದರ ಪೆಟ್ಟಿಗೆಯಲ್ಲಿ 'ಎನ್‌ಎಂ_000207' ಎಂಬ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಸಾಕು. ಅದು ಮಾನವ ಇನ್ಸುಲಿನ್ನಿನ ದಾಖಲೆ. ಉತ್ತರದಲ್ಲಿ ಮನುಷ್ಯನ ಜೊತೆಗೆ ಚಿಂಪಾಂಜಿ, ಗೊರಿಲ್ಲಾಗಳ ಹೆಸರುಗಳೂ ಕಾಣುತ್ತವೆ. ಪಠ್ಯಪುಸ್ತಕದಲ್ಲಿ ಓದಿದ ವಿಕಾಸವಾದದ ಸಾಕ್ಷ್ಯ ಹೀಗೆ ಕಣ್ಣೆದುರೇ ತೆರೆದುಕೊಳ್ಳುತ್ತದೆ.

ಜಾಲತಾಣದ ಭಾಷೆ ಇಂಗ್ಲಿಷ್, ನಿಜ. ಆದರೆ ಹೋಲಿಕೆ, ಆಕಸ್ಮಿಕ, ಸುಳಿವು, ಸಾಕ್ಷ್ಯ ಎಂಬ ವಿಚಾರಗಳನ್ನು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗುವಿಗೆ ಅಲ್ಲಿರುವ ನಾಲ್ಕಾರು ಇಂಗ್ಲಿಷ್ ಪದಗಳು ಅಡ್ಡಿಯಾಗಲಾರವು. ಅರ್ಥವರಿಯದೆ ಗುಂಡಿ ಒತ್ತುವವನಿಗೆ ಯಾವ ಮಾಧ್ಯಮದಲ್ಲಿ ಓದಿದ್ದರೂ ಆ ಪುಟ ಏನನ್ನೂ ಹೇಳದು.